ಹತ್ತೊಂಬತ್ತು ಮೊಳೆ

“ಮರ ಬೇಕಾದ್ರೆ ತಕ್ಕೊಂಡೋಗಪ್ಪ. ಮೊಳೆ ಮಾತ್ರ ಮುಟ್‌ಬ್ಯಾಡ ಕಣ.”

ಇದನ್ನು ಹೇಳುವಾಗ ಬೊಮ್ಮಮ್ಮನ ಕೈಯಲ್ಲಿ ಮಜ್ಜಿಗೆಯ ಚೊಂಬಿತ್ತು. ತನ್ನ ಹೊಲದ ಬದುವಿನ ಮರ ಕಡಿಯಲು ಬಂದವರಿಗೇ ಅವಳು ಮಜ್ಜಿಗೆ ತಂದಿದ್ದಳು. ಡಿಸೆಂಬರಿನ ಬೆಳಗಿನ ಚಳಿ ಬಿಟ್ಟಿರಲಿಲ್ಲವೆಂದು ಒಂದು ಚೂರು ಶುಂಠಿಯನ್ನೂ ಜಜ್ಜಿ ಹಾಕಿದ್ದಳು.

ಉಮಾಶಂಕರ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಮರವನ್ನು ನೋಡಿದ. ಜೀರಹಳ್ಳಿಯಿಂದ ಎರಡು ಮೈಲಿ ಒಳಗಿದ್ದ ಆ ಊರಿನಲ್ಲಿ ಅಂಥ ಹೊನ್ನೆ ಮರ ಇನ್ನೊಂದಿರಲಿಲ್ಲ. ಇಬ್ಬರು ತೋಳು ಚಾಚಿ ಅಪ್ಪಿದರೂ ಕೈ ಕೂಡದು. ಆಳೆತ್ತರದಲ್ಲಿ ತೊಗಟೆಯ ಸುತ್ತ ಮೊಳೆಗಳು. ಒಂದೊಂದು ಮೊಳೆಯ ಕೆಳಗೂ ಕೆಂಪು ಅಂಟು ಇಳಿದು ಒಣಗಿ ಕಪ್ಪಾಗಿತ್ತು. ಮೊಳೆಗಳಿಗೆ ಮಾತ್ರ ಎಳ್ಳಷ್ಟೂ ತುಕ್ಕು ಹಿಡಿದಿರಲಿಲ್ಲ.

“ಅಂಥಾದ್ದೇನಿದೆ ಅಜ್ಜಿ ಮೊಳೇಲಿ?”

“ಶಾಪ.”

ಮರ ಕಡಿಯುವ ಆಳುಗಳಲ್ಲಿ ಇಬ್ಬರು ಕೊಡಲಿಯನ್ನು ನೆಲದ ಮೇಲಿಟ್ಟು ದೂರ ಹೋಗಿ ಕುಳಿತರು.

“ಜಗಳ ಆಯ್ತದೆ, ಒಟ್ಟೆ ಉರೀತದೆ,” ಎಂದಳು ಬೊಮ್ಮಮ್ಮ. “ಮಣ್ಣು ತೂರಿ ಒಂದು ಮಾತ ಅಂದ್‌ಬುಡ್ತೀವಿ. ನಿನ್ನ ಮನೆ ದೀಪ ಆರೋಗ್ಲಿ, ನಿನ್ನ ನಾಲ್ಗೆ ಸೇದೋಗ್ಲಿ ಅಂತ. ಬೆಳಗಾದ್ರೆ ಅಯ್ಯೋ ಅನ್ನಿಸ್ತದೆ. ಆದ್ರೆ ಆಡಿದ್ ಮಾತು ಸುಮ್ನಿರಕಿಲ್ಲ ಕಣಪ್ಪ. ಅದಕ್ಕೇ ನೇಗಿಲ ಸವೆದ ಗುಳವ ಕುಲುಮೆಗೆ ತಕ್ಕೊಂಡೋಗಿ ಮೊಳೆ ಮಾಡುಸ್ತೀವಿ. ಅದೇ ಮಾತ ಮೊಳೆಗೆ ಇನ್ನೊಂದ್ಸಲ ಏಳಿ, ಈ ಒನ್ನೆಗೆ ಒಡ್ದುಬುಡ್ತೀವಿ. ಆಮೇಲದು ಯಾರ್ಗೂ ತಟ್ಟಕಿಲ್ಲ. ಮರ ಇಟ್ಕೋತದೆ.”

“ನಿಂದೂ ಒಂದಿದೆಯಾ?”

ಬೊಮ್ಮಮ್ಮ ಮಗನ ಕಡೆ ನೋಡಿದಳು. ಮಲ್ಲಯ್ಯ ತಲೆ ತಗ್ಗಿಸಿದ. ಅವ್ವನನ್ನು ಒಂದು ಮಾತು ಕೇಳದೆ ಮರ ಮಾರಿದವನು ಅವನು. “ಅಗೋ, ಆ ಗಂಟಿನ ಪಕ್ಕದ್ದು ನಂದು. ಇವನ ಮ್ಯಾಲೇ ಆಕಿದ್ದೆ. ಇಪ್ಪತ್ತು ವರ್ಸ ಆಯ್ತು. ಬದ್ಕವ್ನೆ ನೋಡು.”

ಉಮಾಶಂಕರ ಗಟ್ಟಿಯಾಗಿ ನಕ್ಕ. ಅವನ ದನಿಯೇ ಹಾಗೆ. ಗುಡಿಯ ದೊಡ್ಡ ಗಂಟೆಯಂಥ ದನಿ. ಸತ್ಯಮಂಗಲದ ಅವನ ಮರದ ಮಿಲ್ಲಿನಲ್ಲಿ ಗರಗಸ ಓಡುವಾಗಲೂ ಅವನು ಕರೆದದ್ದು ಕೊನೆಯ ಶೆಡ್ಡಿಗೆ ಕೇಳುತ್ತಿತ್ತು.

“ಇಪ್ಪತ್ತೈದು ವರ್ಷದಿಂದ ಮರ ಕೊಯ್ತಿದೀನಿ ಅಜ್ಜಿ. ಹೊನ್ನೆ ಮರ ಅಂದ್ಮೇಲೆ ಕೆಂಪು ಸುರೀದೆ ಹಾಲು ಸುರಿಯುತ್ತಾ? ಮೊಳೆ ಕಂಡ್ರೆ ನನಗೂ ಹೆದರಿಕೇನೆ. ಯಾಕೆ ಹೇಳು? ಒಂದು ಒಳಗುಳಿದ್ರೆ ಗರಗಸದ ಹಲ್ಲೆಲ್ಲ ಹಾರಿಹೋಗುತ್ತೆ. ಅಷ್ಟೇ ನನಗೆ ಗೊತ್ತಿರೋ ಶಾಪ.”

ಅವನ ತಾತ ತಾಳವಾಡಿಯವನು. ಅಪ್ಪನ ಕಾಲಕ್ಕೇ ಮನೆತನ ಘಟ್ಟ ಇಳಿದು ಸತ್ಯಮಂಗಲ ಸೇರಿತ್ತು. ಮನೆಯಲ್ಲಿ ಕನ್ನಡ, ಮಿಲ್ಲಿನಲ್ಲಿ ತಮಿಳು. ಬೆಟ್ಟ ಅವನಿಗೆ ಹೊಸದು. ದಿಮ್ಮಿ ಸಾಗಿಸುವ ಲಾರಿಯ ಹಿಂದೆ ಬಂದವನಿಗೆ ಆಸ್ಪತ್ರೆಯಿಲ್ಲದ ಊರುಗಳು, ಬಸ್ಸಿಗೆ ಅರ್ಧ ದಿನ ಕಾಯುವ ಜನ ಕಂಡಿದ್ದರು. ಇವರ ಪರವಾಗಿ ಕೂಗುವವರು ಯಾರೂ ಇಲ್ಲ, ತನಗೋ ಕೂಗುವ ಗಂಟಲಿದೆ ಅನ್ನಿಸಿತ್ತು. ಅದು ಪೂರ್ತಿ ಸುಳ್ಳೇನಲ್ಲ. ಒಂದು ಪಕ್ಷದವರು ಈ ಸಲದ ವಿಧಾನಸಭಾ ಚುನಾವಣೆಗೆ ಟಿಕೆಟ್ ಕೊಡುವ ಮಾತನ್ನೂ ಆಡಿದ್ದರು. ಅದರ ಜತೆಗೆ ಇದೂ ನಿಜ: ಅವತ್ತು ಅವನ ಜೇಬಿನಲ್ಲಿದ್ದ ಅನುಮತಿ ಪತ್ರ ಒಂದು ಮರದ್ದು, ಅವನು ಆ ವಾರ ಕಡಿಸಿದ್ದು ಏಳು.

“ಕೊಡಲಿ ಎತ್ಲಾ ಚಿಕ್ಕಯ್ಯ.”

ಚಿಕ್ಕಯ್ಯ ಇದೇ ಸೀಮೆಯ ಮರ ಕೊಯ್ಯುವ ಆಳು, ನಲವತ್ತು ದಾಟಿದವನು. ಮೂರು ವರ್ಷದ ಹಿಂದೆ ದಿಮ್ಮಿ ಉರುಳಿ ಅವನ ಎಡಪಾದ ಜಜ್ಜಿಹೋಗಿತ್ತು. ಅವತ್ತು ಉಮಾಶಂಕರ ಲಾರಿ ಬರುವ ತನಕ ಕಾಯದೆ, ರೇಷ್ಮೆಯಂಥ ತನ್ನ ಬಿಳಿ ಷರಟು ರಕ್ತವಾಗುವುದನ್ನು ನೋಡದೆ, ಅವನನ್ನು ಬೆನ್ನ ಮೇಲೆ ಹೊತ್ತು ಒಂದೂವರೆ ಮೈಲಿ ನಡೆದಿದ್ದ. ಚಿಕ್ಕಯ್ಯ ಅದನ್ನು ಎಲ್ಲರಿಗೂ ಹೇಳುತ್ತಿದ್ದ. ಅವನು ಮಾತುಗಾರ. ಕುಂಟುತ್ತಾ ಮನೆಗೆ ಬಂದರೆ ಬೀದಿಯ ತಿರುವಿನಿಂದಲೇ “ಉಂಡ್ಯಾ ಅಮ್ಮೀ?” ಎಂದು ಹೆಂಡತಿಯನ್ನು ಕೂಗುವವನು.

ಅವನು ಬೊಮ್ಮಮ್ಮನ ಮುಖ ನೋಡಿದ. ಮೊದಲಾಳಿ ಎಂದು ತಾನು ಕರೆಯುವ ಧಣಿಯ ಮುಖ ನೋಡಿದ. ಕೊಡಲಿ ಎತ್ತಿದ.

ಮರ ಬಿದ್ದಾಗ ಸುತ್ತಲ ಹಕ್ಕಿಗಳು ಹಾರಲಿಲ್ಲ. ಕೂತಲ್ಲೇ ಸುಮ್ಮನಾದವು. ಮೋಟಿನ ಸುತ್ತ ಕೆಂಪು ಉಕ್ಕಿ ಬಂತು. ಗಾಳಿಯ ತುಂಬ ಹಸಿ ಕಬ್ಬಿಣದ ವಾಸನೆ. ಮಿಲ್ಲಿಗೆ ಹೋಗುವ ಮುಂಚೆ ಮೊಳೆ ತೆಗೆಯಬೇಕಲ್ಲ. ಆಳುಗಳು ಯಾರೂ ಮುಂದೆ ಬರಲಿಲ್ಲ. ಉಮಾಶಂಕರ ತಾನೇ ಪಂಚೆ ಎತ್ತಿ ಕಟ್ಟಿ, ಮೊಳೆ ಕೀಳುವ ಸುತ್ತಿಗೆ ಹಿಡಿದು ದಿಮ್ಮಿಯ ಮೇಲೆ ಕುಳಿತ. ಒಂದೊಂದು ಮೊಳೆ ಹೊರಬರುವಾಗಲೂ ಒಳಗಿನಿಂದ ಸಣ್ಣದೊಂದು ಸದ್ದು. ಬಹಳ ಹೊತ್ತು ಬಾಯಿ ಮುಚ್ಚಿಕೊಂಡಿದ್ದವರು ಉಸಿರು ಬಿಟ್ಟ ಹಾಗೆ.

ಹತ್ತೊಂಬತ್ತು ಮೊಳೆ.

“ಅವ ಕೊಟ್‌ಬುಡಪ್ಪ,” ಬೊಮ್ಮಮ್ಮ ಸೆರಗೊಡ್ಡಿದಳು. “ಬ್ಯಾರೆ ಮರಕ್ಕೆ ಒಡ್ಕೋತೀನಿ. ನೀನು ಕೆಟ್ಟೋನಲ್ಲ, ನಂಗೆ ಕಾಣ್ತದೆ.”

“ಬುಡದಿಂದ ತುದಿ ತನಕ ಕೊಂಡಿದೀನಿ ಅಜ್ಜಿ. ಮೊಳೇನೂ ನಂದೇ.” ಅವನು ಮೊಳೆಗಳನ್ನು ತಗಡಿನ ಡಬ್ಬಿಗೆ ಹಾಕಿ ಕುಲುಕಿದ. “ನಿಮ್ಮೂರಿನ ಹೆದರಿಕೇನ ನಾನು ಬಿಡಿಸ್ತೀನಿ, ನೋಡ್ತಿರು.”

ಅವನು ಅದನ್ನು ಬಿಡಿಸಲು ಹೊರಟ ರೀತಿ ಮರದ ವ್ಯಾಪಾರಿಗೆ ಮಾತ್ರ ಹೊಳೆಯುವಂಥದ್ದು.

ಎರಡು ಸಾವಿರದ ಆರರ ಪೊಂಗಲ್‌ಗೆ ಅವನು ತಗಡಿನ ಬೋರ್ಡು ಮಾಡಿಸಿದ. ಕೈ ಮುಗಿದು ನಗುತ್ತಿರುವ ಅವನ ಎದೆಮಟ್ಟದ ಚಿತ್ರ, ಕೆಳಗೆ ತಮಿಳಿನಲ್ಲೂ ಕನ್ನಡದಲ್ಲೂ ‘ಬೆಟ್ಟದ ದನಿ’ ಎಂಬ ಬರಹ. ಸರಿಯಾಗಿ ಹತ್ತೊಂಬತ್ತು ಬೋರ್ಡು. ಹಾಸನೂರಿನಿಂದ ತಾಳವಾಡಿಯ ತನಕ ಹಾದಿಬದಿಯ ಮರಗಳಿಗೆ ಅವನ್ನು ಅವನೇ ಹೊಡೆದ, ಜನ ಸೇರಿಸಿ, ಎಲ್ಲರ ಎದುರು, ಅದೇ ಮೊಳೆಗಳಿಂದ.

“ನೋಡ್ರಪ್ಪಾ! ನಿಮ್ಮ ಶಾಪದ ಮೊಳೇಲೇ ನನ್ನ ಮುಖ ನೇತುಹಾಕಿದೀನಿ. ಏನಾಗುತ್ತೋ ನೋಡೋಣ!”

ತಗಡು ಚಪ್ಪಟೆ, ಮರ ದುಂಡಗೆ. ಬೋರ್ಡಿನ ನಾಲ್ಕು ಮೂಲೆ ಮರಕ್ಕೆ ತಾಗುವುದಿಲ್ಲ. ತಾಗುವುದು ನಟ್ಟನಡುವೆ ಮಾತ್ರ. ಹಾಗಾಗಿ ಮೊಳೆ ನಡುವಿಗೇ ಹೊಡೆಯಬೇಕು. ಆ ಚಿತ್ರದಲ್ಲಿ ನಡುವೆಂದರೆ ಮುಗಿದ ಕೈಗಳ ಮೇಲೆ, ಗದ್ದದ ಕೆಳಗೆ.

ಗಂಟಲು.

ಅದನ್ನು ಗಮನಿಸಿದವನು ಚಿಕ್ಕಯ್ಯ ಒಬ್ಬನೇ. “ಮೊದಲಾಳಿ, ಕುತ್ಗೆಗೆ ಬೀಳ್ತಾ ಅದೆ,” ಎಂದ ಮೆಲ್ಲಗೆ.

“ಬೀಳ್ಲಿ ಬಿಡ್ಲಾ. ತಗಡಿಗೆ ನೋವಾಗುತ್ತಾ?”

ಮೊದಲ ಬೋರ್ಡಿನ ದಿನ ಸಂಜೆ ಗಂಟಲು ಕೆರೆಯಿತು. ಐದನೆಯದಕ್ಕೆ ಎಂಜಲು ನುಂಗಿದರೆ ಕಬ್ಬಿಣದ ರುಚಿ. ಅವನ ಹೆಂಡತಿ ಮಾಲಿನಿ ಮೆಣಸಿನ ಕಷಾಯ ಮಾಡಿಕೊಟ್ಟಳು, ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿದಳು. ಧೂಳು, ಭಾಷಣ, ಬಿಸಿಲು ಎಂದು ಅವನು ನಕ್ಕ. ಟಿಕೆಟ್ ಸಿಕ್ಕಿತು. ಅವನು ಜೀಪಿನ ಮೇಲೆ ನಿಂತು ಊರೂರು ಕೂಗಿದ. ತಾಳವಾಡಿಯಲ್ಲೂ ಹಾಸನೂರಲ್ಲೂ ಜನ ಅವನ ಮಾತಿಗೆ ಕಾದು ನಿಂತರು. ಆದರೆ ವಾರದಿಂದ ವಾರಕ್ಕೆ ಅವರು ಇನ್ನೊಂದು ಹೆಜ್ಜೆ ಹತ್ತಿರ ಬರಬೇಕಾಯಿತು.

ಚುನಾವಣೆಯ ನೀತಿಸಂಹಿತೆ ಜಾರಿಗೆ ಬಂದಾಗ ಹಾದಿಬದಿಯ ಬೋರ್ಡುಗಳನ್ನೆಲ್ಲ ಕೂಲಿಯವರು ಬಿಚ್ಚಿದರು. ಆ ಹತ್ತೊಂಬತ್ತಕ್ಕೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಅವುಗಳ ಮುಖಕ್ಕೆ ಗೋಣಿಚೀಲ ಹೊದಿಸಿ, ಸುತ್ತ ಹಗ್ಗ ಬಿಗಿದು, ಹಿಂತಿರುಗಿ ನೋಡದೆ ಹೋದರು.

ಮತದಾನದ ಹೊತ್ತಿಗೆ ಅವನ ದನಿ ಪಿಸುಮಾತಿಗೆ ಇಳಿದಿತ್ತು. ನಮಗಾಗಿ ಕೂಗಿ ಕೂಗಿ ಗಂಟಲು ಕಳಕೊಂಡ ಮನುಷ್ಯ ಎಂದು ಹೆಂಗಸರು ಮರುಗಿದರು. ಒಬ್ಬ ಮುದುಕಿ ಜೀಪು ನಿಲ್ಲಿಸಿ, ಮಡಿಲಿನಿಂದ ಜೇನಿನ ಸಣ್ಣ ಶೀಸೆ ತೆಗೆದು ಕೊಟ್ಟಳು. ಅವನು ಗೆದ್ದ. ಫಲಿತಾಂಶದ ಮಧ್ಯಾಹ್ನ ಕೊರಳ ತುಂಬ ಹಾರ, ಎದುರಿಗೆ ಸಾವಿರ ಜನ, ಕೈಗೆ ಮೈಕು. ಬಾಯಿ ತೆರೆದ.

ಏನೂ ಬರಲಿಲ್ಲ.

ಗಾಳಿಯೂ ಬರಲಿಲ್ಲ.

ಕೊಯಮತ್ತೂರಿನ ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. “ಮೀನಿನ ಮುಳ್ಳು ಏನಾದ್ರೂ ಸಿಕ್ಕಿತ್ತಾ?” ಎಂದು ಕೇಳಿದರು. ಹುಟ್ಟಿದಂದಿನಿಂದ ಮೀನು ಮುಟ್ಟದವನು ತಲೆಯಲ್ಲಾಡಿಸಿದ. “ಚುಕ್ಕೆಗಳಿವೆ. ಕೆಂಪಗೆ, ದುಂಡಗೆ. ಹತ್ತೊಂಬತ್ತೋ ಇಪ್ಪತ್ತೋ,” ಎಂದು ಅವರು ಇನ್ನೊಮ್ಮೆ ಬಗ್ಗಿದರು. ಅವನು ಎರಡನೇ ಎಣಿಕೆಗೆ ಕೂರಲಿಲ್ಲ, ಎದ್ದುಬಂದ.

ಹತ್ತನೆಯ ದಿನ ಚೆನ್ನೈಯಲ್ಲಿ ಪ್ರಮಾಣವಚನ. ಸಭೆಯೆದುರು ನಿಂತು ಗಟ್ಟಿಯಾಗಿ ಓದಬೇಕು. ಮೂಗನಾಗಿ ಅಲ್ಲಿಗೆ ಹೋಗುವುದೆಂದರೆ ಅವನ ಪಾಲಿಗೆ ಹೋಗದಿದ್ದ ಹಾಗೆಯೇ. ದನಿಯೊಂದನ್ನೇ ತೋರಿಸಿ ಓಟು ಕೇಳಿದವನು ಅವನು. ಮಾಲಿನಿ ಅಳುತ್ತಾ ಯಾರೋ ಹೇಳಿದ ತಾಯತ ತಂದಳು. ಅವನು ಅದನ್ನು ಕಿಟಕಿಯಾಚೆ ಎಸೆದು ಚೀಟಿಯಲ್ಲಿ ಬರೆದ: ‘ತಗಡಿಗೆ ಹೊಡೆದ ಮೊಳೆ. ನಾನೇ ಕೀಳ್ತೀನಿ.’

ಚಿಕ್ಕಯ್ಯನನ್ನು ಜೀಪಿನಲ್ಲಿ ಕೂರಿಸಿಕೊಂಡು ಹಾಸನೂರಿನ ಆಚೆಯ ಮೊದಲನೆಯ ಬೋರ್ಡಿನ ಬಳಿ ಹೋದಾಗ ನೆತ್ತಿಯ ಮೇಲೆ ಸೂರ್ಯ. ಲಂಟಾನದ ಪೊದೆಗಳು ಬಿಸಿಲಿಗೆ ಸೀದು ಘಾಟು ಹೊಡೆಯುತ್ತಿದ್ದವು. ಜೀರುಂಡೆಗಳು ಕಿವಿ ತೂತಾಗುವಂತೆ ಕೂಗುತ್ತಿದ್ದವು. ಅವನು ಜೀಪಿನಿಂದ ಇಳಿದೊಡನೆ ಅವೂ ನಿಂತವು.

ಅದು ಒಣಗಿದ ಬೇವಿನ ಮರ. ಎಲೆಯಿಲ್ಲ, ರಸವಿಲ್ಲ. ಆದರೂ ಗೋಣಿಚೀಲ ಒದ್ದೆಯಾಗಿತ್ತು.

ಅವನು ಹಗ್ಗ ಕೊಯ್ದ. ಚೀಲ ಜಾರಿತು. ಚಿತ್ರದ ಮುಖ ನಗುತ್ತಲೇ ಇತ್ತು. ಗಂಟಲಿನ ಮೊಳೆಯಿಂದ ಕೆಂಪು ಇಳಿದು ಮುಗಿದ ಕೈಗಳ ಮೇಲೆ ಹರಿದು, ‘ದನಿ’ ಎಂಬ ಅಕ್ಷರಗಳ ತನಕ ಬಂದಿತ್ತು. ಬೆರಳಲ್ಲಿ ಮುಟ್ಟಿದ. ಬೆಚ್ಚಗಿತ್ತು.

ಆಗ ಕೇಳಿಸಿತು. ತಗಡಿನ ಹಿಂದಿನಿಂದ. ಮೆಲ್ಲಗೆ. ಅವನು ಕಿವಿ ಹಚ್ಚಿದ.

ದನಿ. ಗುಡಿಯ ಗಂಟೆಯಂಥ ದನಿ. ಅವನದೇ.

“ನಿನ್ನ ಮನೆ ದೀಪ ಆರೋಗ್ಲಿ,” ಎನ್ನುತ್ತಿತ್ತು ಅವನ ದನಿ, ತಗಡಿನ ಹಿಂದೆ, ದಣಿವಿಲ್ಲದೆ. “ನಿನ್ನ ನಾಲ್ಗೆ ಸೇದೋಗ್ಲಿ. ನಿನ್ನ ಮನೆ ದೀಪ ಆರೋಗ್ಲಿ. ನಿನ್ನ ನಾಲ್ಗೆ ಸೇದೋಗ್ಲಿ.”

ಅವನು ಹೆದರಿದ. ಹೆದರಿದ್ದಕ್ಕೆ ಕೋಪ ಬಂತು. ಸುತ್ತಿಗೆಯ ಸೀಳನ್ನು ಮೊಳೆಯ ತಲೆಗೆ ಸಿಕ್ಕಿಸಿ ಮೀಟಿದ. ಮೊಳೆ ಕೂದಲಷ್ಟು ಎದ್ದಿತು. ಅಷ್ಟಕ್ಕೇ ಉಸಿರು ನಿಂತಿತು. ಮೀಟಿದ. ಕಣ್ಣು ಕತ್ತಲೆ. ಇನ್ನೊಮ್ಮೆ. ಎದೆ ಬಿಗಿಯಿತು. ಮಂಡಿ ನೆಲಕ್ಕೆ ಬಿತ್ತು. ಬಿಡಲಿಲ್ಲ. ಇನ್ನೊಮ್ಮೆ. ಕಿವಿಯೊಳಗೆ ತನ್ನದೇ ದನಿ ಕೂಗುತ್ತಿತ್ತು. ಬಾಯಿಯ ತುಂಬ ಕೆಂಪು. ಇನ್ನೊ—

ಚಿಕ್ಕಯ್ಯ ಅವನ ಸೊಂಟ ಹಿಡಿದು ಹಿಂದಕ್ಕೆ ಎಳೆದುಹಾಕಿದ. ಮೊಳೆ ತಾನಾಗಿ ಸರಿದು ಮತ್ತೆ ಒಳಗೆ ಕುಳಿತಿತು.

“ಸತ್ತೋಯ್ತೀರಿ ಮೊದಲಾಳಿ! ಬುಡಿ! ಬೊಮ್ಮಮ್ಮನ್ತಕ್ಕೆ ಓಗವ.”

ಬೊಮ್ಮಮ್ಮ ಅವರನ್ನು ನೋಡಿದವಳೇ ಏನನ್ನೂ ಕೇಳದೆ ಒಳಗೆ ಹೋದಳು. ಮಜ್ಜಿಗೆ ತಂದಳು. ಗಂಟಲಿಗೆ ಹಿತವಾಗಲಿ ಎಂದು ಈ ಸಲ ಶುಂಠಿ ಹಾಕಿರಲಿಲ್ಲ. ಅವನು ಕುಡಿಯುವ ತನಕ ಪಕ್ಕದಲ್ಲಿ ಕುಳಿತಿದ್ದು ಆಮೇಲೆ ಮಾತಾಡಿದಳು.

“ಕಿತ್ರೆ ಬರ್ತದೆ ಕಣಪ್ಪ. ಆದ್ರೆ ನಿನ್ನ ಗಂಟ್ಲಿಗೆ ಒಡ್ದ ಮೊಳೆಯ ನೀನೇ ಕೀಳಕಾಗಕಿಲ್ಲ. ಬ್ಯಾರೇರು ಕೀಳ್ಬೇಕು, ಮನಸಾರ. ಇನ್ನೊಂದು. ಆ ತೂತು ಖಾಲಿ ಇರಕಿಲ್ಲ. ಮರದಿಂದ ಕಿತ್ತಾಗ ಮರ ತನ್ನ ಪ್ರಾಣ ಕೊಡ್ತು. ಗಂಟ್ಲಿಂದ ಕಿತ್ತೋರು ಗಂಟ್ಲು ಕೊಡ್ಬೇಕು.”

ಉಮಾಶಂಕರ ಚೀಟಿಯ ಮೇಲೆ ಬರೆದ. ಚಿಕ್ಕಯ್ಯ ಅಕ್ಷರ ಕೂಡಿಸಿ ಓದಿ ಹೇಳಿದ: “‘ಯಾರು ಕೊಡ್ತಾರೆ?’ ಅಂತವ್ರೆ.”

“ಯಾರ್ನೂ ಕೇಳ್‌ಬ್ಯಾಡ,” ಎಂದಳು ಬೊಮ್ಮಮ್ಮ. “ಇಂಗೇ ಇದ್ಬುಡು ಮಗ. ಮಾತಿಲ್ದಿದ್ರೂ ಅನ್ನ ಸೇರ್ತದೆ. ನಿದ್ದೆ ಬರ್ತದೆ. ಎಂಡ್ರ ಮಕ ಕಾಣ್ತದೆ. ಅಷ್ಟು ಸಾಕಾಗಕಿಲ್ವಾ?”

ಅವನು ಚೀಟಿಯನ್ನು ಮಡಿಚಿ ಜೇಬಿಗಿಟ್ಟು ಎದ್ದ.

ವಾಪಸು ಬರುವಾಗ ಜೀಪನ್ನು ಅವನೇ ಓಡಿಸುತ್ತಿದ್ದ. ಚಿಕ್ಕಯ್ಯ ಪಕ್ಕದಲ್ಲಿ ಕೂತು, ಸೊಟ್ಟಗಿದ್ದ ಎಡಪಾದವನ್ನು ಉಜ್ಜಿಕೊಳ್ಳುತ್ತಿದ್ದ. ಬಹಳ ದೂರ ಬಂದ ಮೇಲೆ ಅವನು ಬಾಯಿ ತೆರೆದ.

“ಮೊದಲಾಳಿ. ಮರ ಕುಯ್ಯೋನಿಗೆ ಮಾತಿಂದ ಏನಾಗ್ಬೇಕದೆ? ನೀವಾದ್ರೆ ನಾಕು ಜನಕ್ಕೆ ಬೇಕಾದೋರು. ಆಸ್ಪತ್ರೆ ಕೇಳ್ಬೇಕು, ಬಸ್ಸು ಕೇಳ್ಬೇಕು.”

ಆಮೇಲೆ ಸುಮ್ಮನೆ ಅವನ ಮುಖ ನೋಡುತ್ತಾ ಕುಳಿತ. ಕಾಯುತ್ತಿದ್ದ.

ತಲೆಯನ್ನು ಒಂದು ಸಲ ಅಡ್ಡಡ್ಡ ಆಡಿಸಿದ್ದರೆ ಸಾಕಿತ್ತು. ಅದಕ್ಕೆ ದನಿ ಬೇಕಿರಲಿಲ್ಲ, ಚೀಟಿ ಬೇಕಿರಲಿಲ್ಲ. ಉಮಾಶಂಕರ ದಾರಿಯನ್ನೇ ನೋಡುತ್ತಾ ಗೇರು ಬದಲಿಸಿದ. ಚಿಕ್ಕಯ್ಯನ ಊರು ಬಂತು. ಅವನು ಇಳಿದ. ಇಳಿದವನು ಜೀಪಿನ ಹಿಂಬದಿಗೆ ಹೋಗಿ ಮೊಳೆ ಕೀಳುವ ಸುತ್ತಿಗೆಯನ್ನು ಎತ್ತಿಕೊಂಡ. ಉಮಾಶಂಕರ ಅದನ್ನು ಕನ್ನಡಿಯಲ್ಲಿ ಕಂಡ. ಕಂಡು, ಜೀಪನ್ನು ಮುಂದಕ್ಕೆ ಬಿಟ್ಟ.

ಮೂರು ದಿನ ಏನೂ ಇಲ್ಲ. ನಾಲ್ಕನೆಯ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಗಂಟಲಲ್ಲಿ ಏನೋ ಸಡಿಲಾಯಿತು. ಕಬ್ಬಿಣದ ರುಚಿ ಹೋಯಿತು. ಕೆಮ್ಮಿದ. ಸದ್ದು ಬಂತು!

ಅವನು ಬಚ್ಚಲ ಗೋಡೆ ಗುದ್ದಿದ. ಗೆದ್ದೆ. ಮೊಳೆಗೆ ಸೋಲುವ ಗಂಟಲಲ್ಲ ಇದು. ಅಡಿಗೆಮನೆಗೆ ಓಡಿಬಂದು ಬಾಗಿಲಲ್ಲಿ ನಿಂತು ಕೂಗಿದ: “ಮಾಲಿನೀ!”

ಮಾಲಿನಿಯ ಕೈಯಿಂದ ಕಾಫಿಯ ಲೋಟ ಬಿತ್ತು. ಅವಳು ಅವನ ಹಿಂದೆ ನೋಡಿದಳು, ಮನೆಯೊಳಗೆ ಬೇರೆ ಯಾರು ಬಂದರೆಂದು.

“ನಾನೇ ಕಣೇ,” ಎಂದ ಉಮಾಶಂಕರ.

ಸ್ವಲ್ಪ ಒಡಕು. ಸ್ವಲ್ಪ ಮೂಗಿನಲ್ಲಿ. ಕೊನೆಯಲ್ಲಿ ಎಳೆದು ಬಿಡುವ ಧಾಟಿ. ಆ ದನಿಯನ್ನು ಅವನು ಇಪ್ಪತ್ತು ವರ್ಷದಿಂದ ಬಲ್ಲ. ಮಿಲ್ಲಿನಲ್ಲಿ, ಲಾರಿಯ ಹಿಂದೆ, ‘ಮೊದಲಾಳಿ’ ಎಂದು ಕರೆಯುವುದನ್ನು ಕೇಳಿದ್ದ.

ಅವನು ಘಟ್ಟ ಹತ್ತಿದ. ಹಾದಿಯುದ್ದಕ್ಕೂ ನೋಡಿದ. ಬೇವಿಗೆ ಬೋರ್ಡಿಲ್ಲ. ಹುಣಸೆಗಿಲ್ಲ. ಆಲಕ್ಕಿಲ್ಲ. ಒಂದೊಂದು ಮರದ ಬುಡದಲ್ಲೂ ಅವನ ನಗುಮುಖವನ್ನು ಬೋರಲಾಗಿ ಇಟ್ಟು, ಗಾಳಿಗೆ ಹಾರದಿರಲೆಂದು ಮೇಲೊಂದು ಕಲ್ಲು ಹೇರಿತ್ತು. ಹಾಸನೂರಿನಿಂದ ತಾಳವಾಡಿಯ ತನಕ ಒಬ್ಬ ಕುಂಟ ಮೂರು ದಿನ ನಡೆದಿದ್ದ.

ಚಿಕ್ಕಯ್ಯ ಮನೆಯ ಜಗಲಿಯ ಮೇಲಿದ್ದ. ಮೊದಲಾಳಿಯನ್ನು ಕಂಡು ಎದ್ದು, ಹೆಗಲ ಟವೆಲಿನಿಂದ ಜಗಲಿಯ ಧೂಳು ಕೊಡವಿ, ಕೂರಿ ಎಂಬಂತೆ ಕೈ ತೋರಿಸಿದ. ನಗುತ್ತಿದ್ದ. ಅವನ ಕತ್ತಿನಲ್ಲಿ ಮಣಿಸರದಂತೆ ಕೆಂಪು ಚುಕ್ಕೆಗಳಿದ್ದವು.

ಒಳಗಿನಿಂದ ಅವನ ಹೆಂಡತಿ ರೇವತಿ ಬಂದಳು. ಅವಳು ಬೈಯಲಿಲ್ಲ. ನೀರು ಕೊಟ್ಟಳು.

“ಮೊಳೆಯೆಲ್ಲ ಬೊಮ್ಮಮ್ಮ ಎಳೇ ಒನ್ನೆಗೆ ಒಡ್ದವ್ಳೆ. ನಿಮ್ಮ ದನಿ ಮೊಳೆಗೆ ಅಂಟ್ಕೊಂಡು ಅದ್ರೊಳಕ್ಕೇ ಓಯ್ತು. ನಿಮ್ಗೆ ಬಂದಿರದು ಇವ್ರುದು.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಳು. “ಮಾತಾಡಿ ಸ್ವಾಮಿ.”

ಅವನು ನೀರಿನ ಲೋಟ ಕೆಳಗಿಟ್ಟ.

“ಏನಾರ ಮಾತಾಡಿ. ಆ ದನಿ ಕೇಳಿ ಮೂರು ದಿನ ಆಯ್ತು.”

ತಪ್ಪಾಯಿತು ಎನ್ನಲು ಉಮಾಶಂಕರ ಬಾಯಿ ತೆರೆದ. ಆ ಮಾತು ಹೊರಡಲಿಲ್ಲ. ಗಂಟಲು ತನ್ನಷ್ಟಕ್ಕೆ ಅಲುಗಿತು. ನಾಲಗೆ ತನ್ನಷ್ಟಕ್ಕೆ ಮಡಿಚಿತು. ಅವನ ಬಾಯಿಂದ ಬಂದದ್ದು ಬೇರೆ.

“ಉಂಡ್ಯಾ ಅಮ್ಮೀ?”

ರೇವತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಉಮಾಶಂಕರ ಹೊರಳಿ ನೋಡಿದ. ಜಗಲಿಯ ಮೂಲೆಯಲ್ಲಿ ಚಿಕ್ಕಯ್ಯನ ತುಟಿಗಳು ಆಗತಾನೆ ಮುಚ್ಚಿಕೊಳ್ಳುತ್ತಿದ್ದವು.

“ಗಂಟ್ಲು ಕೊಟ್ಟವ್ರೆ ಸ್ವಾಮಿ,” ಎಂದಳು ರೇವತಿ, ಕಣ್ಣೊರೆಸಿಕೊಂಡು. ಈಗ ಅವಳು ನೆಟ್ಟಗೆ ನಿಂತಿದ್ದಳು. “ನಾಲ್ಗೆ ಇನ್ನೂ ಇಲ್ಲೇ ಅದೆ. ಅವ್ರು ಸುಮ್ನಿರೋ ಗಂಟ ನೀವು ಏನ್ ಬೇಕಾದ್ರೂ ಆಡ್ಕಳಿ. ಆದ್ರೆ ಇಪ್ಪತ್ತು ವರ್ಸದಲ್ಲಿ ಈ ದನಿ ನಂಗೆ ಒಂದು ಸುಳ್ಳು ಏಳಿಲ್ಲ. ನೆಪ್ಪಿರ್ಲಿ.”

ಪ್ರಮಾಣವಚನದ ದಿನ ಚಿಕ್ಕಯ್ಯ ಸುಮ್ಮನಿದ್ದ. ಗಟ್ಟಿ ಮನುಷ್ಯನ ಬಾಯಿಂದ ಬಂದ ಒಡಕು ದನಿಗೆ, ಕನ್ನಡ ಬೆರೆತ ಬೆಟ್ಟದ ತಮಿಳಿಗೆ ಹಿಂದಿನ ಸಾಲಿನವರು ಮುಸಿಮುಸಿ ನಕ್ಕರು. ಉಮಾಶಂಕರ ತಲೆಯೆತ್ತಿ ಓದಿ ಮುಗಿಸಿದ. ಯಾರ ದನಿಯಾದರೇನು, ಕುರ್ಚಿ ತನ್ನದು. ಮುದುಕಿಯರ ಹೆದರಿಕೆಗೂ ಕೂಲಿಯವಳ ಮಾತಿಗೂ ತಾನು ಬಗ್ಗುವವನಲ್ಲ ಅಂದುಕೊಂಡ. ಸಂಜೆ ಕೋಣೆಯಲ್ಲಿ ಒಬ್ಬನೇ ಕೂತು ಆ ದನಿಯನ್ನು ಪಳಗಿಸಲು ನೋಡಿದ. ಕುದುರೆಯನ್ನು ಪಳಗಿಸುವಂತೆ, ದಿನಾ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ತಾಳವಾಡಿ ಬೆಟ್ಟದಲ್ಲಿ ಅನುಮತಿಯಿಲ್ಲದೆ ಮರ ಕಡಿದಿದ್ದಾರೆಂದು ಸಭೆಯಲ್ಲಿ ಯಾರೋ ಎದ್ದು ಕೇಳಿದರು. ಪಕ್ಷದವರು ಉಮಾಶಂಕರನ ಕೈಗೆ ಒಂದು ಹಾಳೆ ಕೊಟ್ಟರು. ಆ ಭಾಗದ ಶಾಸಕ ನೀವೇ, ನೀವೇ ಹೇಳಿಬಿಡಿ. ಒಂದೇ ಸಾಲು: ಅಂಥದ್ದೇನೂ ನಡೆದಿಲ್ಲ.

ಅವನು ಎದ್ದು ನಿಂತ. ಫ್ಯಾನುಗಳು ತಿರುಗುತ್ತಿದ್ದವು. ಹೊಸ ಬಣ್ಣದ ವಾಸನೆ, ಹೂವಿನ ವಾಸನೆ. ಅದರೊಳಗಿನಿಂದ, ಎಲ್ಲಿಂದಲೋ, ಹಸಿ ಹೊನ್ನೆಯ ವಾಸನೆ.

“ಅಂಥ...” ಎಂದ.

ಗಂಟಲು ಮುಚ್ಚಿತು.

ಮತ್ತೆ ತೆರೆಯಲು ನೋಡಿದ. ಆಗಲಿಲ್ಲ. ಹಾಳೆಯ ಮೇಲೆ ಒಂದು ಹನಿ ಬಿತ್ತು. ಕೆಂಪಗೆ. ಕೈಯಿಂದ ಬಾಯಿ ಮುಚ್ಚಿಕೊಂಡ. ನಾಲಗೆ ಕೈಯ ಹಿಂದೆ ಅಲುಗಿತು. ಹಲ್ಲು ಕಚ್ಚಿದ. ಹಲ್ಲಿನ ಸಂದಿಯಿಂದ ಮಾತು ಬಂತು. ಬೆರಳಿನ ಸಂದಿಯಿಂದ ಬಂತು. ಒಡಕು ದನಿ. ಗಟ್ಟಿಯಾಗಿ.

“ನಡ್ದದೆ! ನಾನೇ ಕಡ್ಸಿದ್ದು. ಒಂದ್ಕೆ ಕಾಗ್ದ ಇತ್ತು, ಏಳು ಕಡ್ಸಿದೆ.”

ಇಡೀ ಸಭೆ ಅವನ ಕಡೆ ತಿರುಗಿತು. ಅವನು ಕೂರಲು ನೋಡಿದ. ಮಂಡಿ ಬಗ್ಗಲಿಲ್ಲ. ಪಕ್ಕದವನು ಪಂಚೆ ಹಿಡಿದು ಎಳೆದ. ಮಾತು ನಿಲ್ಲಲಿಲ್ಲ.

“ಬೊಮ್ಮಮ್ಮನ ಬದುವಿಂದು ಒಂದು ಒನ್ನೆ. ಅದ್ರ ಮ್ಯಾಲಿನ ಒಲದವು ಮೂರು ಮತ್ತಿ. ಅಳ್ಳದ ಪಕ್ಕ ಎರಡು ಬೀಟೆ, ಒಂದು ಅಲಸು. ಮಿಲ್ಲಲ್ಲಿ ಅಲ್ಗೆ ಇನ್ನೂ ಬಿದ್ದದೆ, ಓಗಿ ನೋಡ್ಕಳಿ. ಆಸ್ಪತ್ರೆ ಕೇಳ್ತೀನಿ ಅಂತ ಓಟು ಈಸ್ಕೊಂಡೆ. ಇವತ್ಗೂ ಕೇಳಿಲ್ಲ. ಈಗ ಕೇಳ್ತಾ ಇವ್ನಿ. ಕೊಡಿ!”

ಅದೇ ಹೊತ್ತಿಗೆ ಜೀರಹಳ್ಳಿಯ ಆಚೆ, ತನ್ನ ಮನೆಯ ಜಗಲಿಯ ಮೇಲೆ, ಚಿಕ್ಕಯ್ಯ ಎದ್ದು ನಿಂತಿದ್ದ. ಒಂದು ಕೈ ಕಂಬದ ಮೇಲೆ, ಇನ್ನೊಂದು ಕೈ ಗಂಟಲ ಮೇಲೆ. ಅಲ್ಲಿ ಆಡಹೊರಟ ಸುಳ್ಳು ಇಲ್ಲಿ ಅವನ ಗಂಟಲಿಗೆ ಮುಳ್ಳಿನಂತೆ ತಾಗಿತ್ತು. ಅವನ ತುಟಿಗಳು ಓಡುತ್ತಿದ್ದವು. ರಾಗಿ ಕೇರುತ್ತಿದ್ದ ರೇವತಿ ಮೊರ ಕೆಳಗಿಟ್ಟು ಅವನ ಮುಂದೆ ಬಂದು ಕುಳಿತಳು. ಎರಡು ತಿಂಗಳಿನಿಂದ ಅವಳು ಆ ತುಟಿಗಳನ್ನು ಓದಲು ಕಲಿತಿದ್ದಳು. ಒನ್ನೆ ಎಂದವು ತುಟಿ. ಮತ್ತಿ ಎಂದವು. ಕೊಡಿ ಎಂದವು. ಅವಳಿಗೆ ತಿಳಿಯಿತು. ತಿಳಿದು, ಮೊದಲ ಬಾರಿಗೆ ನಕ್ಕಳು. ಕುಡಿಯಲು ನೀರು ತಂದು ಅವನ ಕೈಗಿಟ್ಟಳು.

“ಸಾಕು ಬುಡಿ, ದಣ್ಕೊಂಡ್ರಿ,” ಎಂದಳು. “ಎಲ್ಲಾನೂ ಇವತ್ತೇ ಏಳ್ಬುಡ್ತೀರಾ?”

ಚಿಕ್ಕಯ್ಯ ನೀರು ಕುಡಿದ. ಬಾಯಿ ಒರೆಸಿಕೊಂಡ. ಅವಳ ಕಡೆಗೆ ತಿರುಗಿ, ನಿಧಾನವಾಗಿ, ಅವಳು ಓದುವಂತೆ ತುಟಿ ಆಡಿಸಿದ.

ದೂರದ ಚೆನ್ನೈಯಲ್ಲಿ, ಇನ್ನೂರು ಜನರ ನಡುವೆ, ಎರಡೂ ಕೈಯಿಂದ ಬಾಯಿ ಅದುಮಿ ಹಿಡಿದು ಬೆವರುತ್ತಿದ್ದ ಶಾಸಕನ ಕೈ ತಾನಾಗಿ ಕೆಳಗಿಳಿಯಿತು. ಅವನ ಕಣ್ಣಿನಲ್ಲಿ ಭಯವಿತ್ತು. ದನಿಯಲ್ಲಿ ಮಾತ್ರ ಒಂದಿಷ್ಟು ತುಂಟತನ, ಬಹಳ ದಿನದ ಪ್ರೀತಿ.

“ಇನ್ನೂ ಐದು ವರ್ಸ ಅದೆ ಕಣಮ್ಮೀ,” ಎಂದಿತು ಅದು ಸಭೆಗೆ.